ಅಪ್ಪ ಮಾತು ಬಿಟ್ಟರು

ಇನ್ನು ಮುಂದೆ ನನ್ನ ಅಪ್ಪಣೆ ಇಲ್ಲದೆ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಒಂದು ಹುಲ್ಲುಕಡ್ಡಿಯೂ ಅಲುಗಾಡಕೂಡದು! ಹೀಗೆಂದು ನಾನು ಘೋಷಿಸಿದ್ದು ಬಾಳ್ಳುಪೇಟೆಯ ನಮ್ಮ ಮನೆಯ ನಡುಮನೆಯಲ್ಲಿ, ಲುಂಗಿ ಮೇಲೆತ್ತಿ ಕಟ್ಟಿಕೊಂಡು. ಆಲಿಸಿದ ಪ್ರಜೆ ಒಬ್ಬಳೇ, ನನ್ನ ಹೆಂಡತಿ ನಯನಾ. ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಏನಾಯ್ತು ಈಗ?" ಎಂದಳು, ತಲೆ ಎತ್ತದೆ.

ಇದು ಎರಡು ಸಾವಿರದ ಒಂಬತ್ತರ ಮಾತು. ಸಕಲೇಶಪುರದಲ್ಲಿ ನಾನು ಗುಮಾಸ್ತನಾಗಿದ್ದ ಕಾಫಿ ವ್ಯಾಪಾರಿಯ ಆಫೀಸಿಗೆ ಯಾರದೋ ಪೆನ್‌ಡ್ರೈವಿನಿಂದ ವೈರಸ್ ನುಗ್ಗಿ, ಇದ್ದಬದ್ದ ಕಂಪ್ಯೂಟರುಗಳೆಲ್ಲ ಒಟ್ಟಿಗೆ ಮಲಗಿಬಿಟ್ಟಿದ್ದವು. ಆ 'ಯಾರದೋ' ಯಾರು ಎಂದು ದಯವಿಟ್ಟು ಕೇಳಬೇಡಿ. ಮನೆಯ ಕಂಪ್ಯೂಟರನ್ನು ನಡೆಸುತ್ತಿದ್ದದ್ದು ಆಫೀಸಿನದಕ್ಕಿಂತ ಬೇರೆಯದೇ ಒಂದು ವ್ಯವಸ್ಥೆ, ಲಿನಕ್ಸ್. ಜೊತೆಯ ಗುಮಾಸ್ತ ಸುನಿಲ್‌ಕುಮಾರ್ ಸಿ.ಡಿ. ತಂದು ಹಾಕಿಕೊಟ್ಟಿದ್ದ. "ಆ ವೈರಸ್ಸು ಲಿನಕ್ಸ್‌ಗೆ ತಗಲಲ್ಲ ಮಾರಾಯ, ಸುಮ್ನಿರು" ಎಂದು ಅವನು ಹೇಳಿದ. ಸುಮ್ಮನಿರುವ ಜಾಯಮಾನವೇ ನನ್ನದು?

ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಲಿನಕ್ಸ್ ತಾನಾಗಿಯೇ ಅದನ್ನು ಬರಮಾಡಿಕೊಂಡು, ಕಿಟಕಿ ತೆರೆದು, ಒಳಗಿದ್ದದ್ದನ್ನೆಲ್ಲ ಹರಡಿ ತೋರಿಸುತ್ತಿತ್ತು. ಗುರುತು ಪರಿಚಯ ಇಲ್ಲದವರಿಗೆ ಇಷ್ಟೊಂದು ಉಪಚಾರವೇ! ಸೆಟ್ಟಿಂಗುಗಳ ಕಾಡಿನಲ್ಲಿ ಅರ್ಧ ದಿನ ಅಲೆದು, ಆ ಉಪಚಾರದ ಮುಂದಿದ್ದ ಟಿಕ್ ಗುರುತನ್ನು ಕಿತ್ತುಹಾಕಿದೆ. ಒಂದು ಪೆನ್‌ಡ್ರೈವ್ ಚುಚ್ಚಿ ನೋಡಿದೆ. ಪರದೆ ಮಿಸುಕಲಿಲ್ಲ. ಇನ್ನು ಬೇಕಾದವರು ತಾವೇ ಒಳಗೆ ಹೋಗಿ, ಡ್ರೈವನ್ನು ಹುಡುಕಿ ತೆರೆದುಕೊಳ್ಳಬೇಕು.

"ನೋಡಿದೆಯಾ? ಇದು ಕೋಟೆ!" ಎಂದೆ.

"ನಿಮ್ ಕೋಟೆ ಮೇಲೆ ಯಾರ್ರೀ ದಂಡೆತ್ತಿ ಬರ್ತಾರೆ? ಅದ್ರೊಳಗಿರೋದು ನಿಮ್ ಇಸ್ಪೀಟಾಟ."

ಅಲ್ಲಿಗೆ ಬರುತ್ತಿದ್ದವರು ಒಬ್ಬರೇ. ನಮ್ಮಪ್ಪ.

ಅಪ್ಪ ಸುಬ್ಬಯ್ಯ ಹಿಂದಿನ ವರ್ಷದ ಬೇಸಿಗೆಯಲ್ಲಿ ತೀರಿಕೊಂಡಿದ್ದರು. ಅದಕ್ಕೆ ಸ್ವಲ್ಪ ಮೊದಲು, ಹೊಸ ಕ್ಯಾಮೆರಾ ಪರೀಕ್ಷಿಸುವ ನೆಪದಲ್ಲಿ ಅಂಗಳದಲ್ಲಿ ಕೂತಿದ್ದ ಅವರದೊಂದು ವಿಡಿಯೋ ತೆಗೆದಿದ್ದೆ. "ಇವಳೇ, ಕಾಫಿ ಆಯ್ತೇನೆ? ಇವ್ನು ನನ್ ಮಕಕ್ಕೆ ಏನೋ ಹಿಡ್ಕಂಡು ನಿಂತವ್ನೆ!" ಅಷ್ಟೇ ಇರುವುದು. ಅದನ್ನು ಪೆನ್‌ಡ್ರೈವಿಗೆ ಹಾಕಿ ಅವ್ವ ದೇವೀರಮ್ಮನ ಕೈಗೆ ಕೊಟ್ಟಿದ್ದೆ. ಅವ್ವನಿಗೆ ಕಂಪ್ಯೂಟರ್ ಎಂದರೆ ಅದೊಂದೇ. ಚುಚ್ಚುವುದು, ಕಿಟಕಿ ತೆರೆದಾಗ ಗಂಡನ ಮುಖದ ಮೇಲೆ ಎರಡು ಸಲ ಒತ್ತುವುದು. ನಾನು ಆಫೀಸಿನಲ್ಲಿರುವಾಗ, ಮಧ್ಯಾಹ್ನದ ಕಾಫಿ ಹೊತ್ತಿಗೆ ಎರಡು ಲೋಟ ತಂದಿಟ್ಟುಕೊಂಡು ಕೂರುತ್ತಿದ್ದಳು. "ಆಯ್ತು ಕಣ್ರೀ, ತಂದಿವ್ನಿ" ಎಂದು ಪರದೆಗೆ ಉತ್ತರ ಕೊಡುತ್ತಿದ್ದಳು. ಇದೆಲ್ಲ ನನಗೆ ಗೊತ್ತಿತ್ತು. ಟಿಕ್ ಕೀಳುವಾಗ ಒಂದು ಸಲವೂ ನೆನಪಾಗಲಿಲ್ಲ.

ನನ್ನ ಕೋಟೆ ಎದ್ದದ್ದು ಹಿರಿಯರ ಹಬ್ಬದ ಮಾರನೆಯ ದಿನ. ಹಬ್ಬದಂದು, ತೀರಿಕೊಂಡು ವರ್ಷ ತುಂಬಿದ್ದ ಅಪ್ಪನಿಗೆ ಮೊದಲ ಸಲ ಎಡೆ ಇಟ್ಟು, ಅವರ ಪಂಚೆ ಮಡಿಸಿಟ್ಟು, ನಿಧಾನವಾಗಿ ಉಂಡು ಹೋಗಲಿ ಎಂದು ಬಾಗಿಲು ಮುಂದೆ ಮಾಡಿಕೊಂಡು ನಾವೆಲ್ಲ ಹೊರಗೆ ಕೂತಿದ್ದೆವು. ಅದು ಮುಗಿದದ್ದೇ ತಡ, ನಮ್ಮ ಮನೆಯಲ್ಲಿ ಸುವರ್ಣಯುಗ ಶುರುವಾಯಿತು! ಸಂಜೆ ಬಸ್ಸಿಳಿದು ಬಂದರೆ ಒಂದು ದಿನ ಕಡುಬು, ನಾಟಿಕೋಳಿ ಸಾರು. ಇನ್ನೊಂದು ದಿನ ಒತ್ತುಶಾವಿಗೆ, ಕಾಯಿಹಾಲು. ಮತ್ತೊಂದು ದಿನ ಅಕ್ಕಿರೊಟ್ಟಿ, ಏಡಿ ಸಾರು! ನನ್ನ ಪ್ಯಾಂಟಿನ ಗುಂಡಿ ರಾಜೀನಾಮೆ ಕೊಟ್ಟಿತು.

"ಅವ್ವಾ, ದಿನಾ ಹಿಂಗೇ ಮಾಡು!"

"ತಿನ್ನು ಮಗ" ಎಂದಳು ಅವ್ವ. ಅವಳ ತಟ್ಟೆಯಲ್ಲಿದ್ದದ್ದು ಬರೀ ಮಜ್ಜಿಗೆ ಅನ್ನ. ಏಡಿ ಕಾಲು ಚೀಪುತ್ತಿದ್ದ ನನಗೆ ಅದು ಕಣ್ಣಿಗೆ ಬೀಳಲಿಲ್ಲ.

ಕೈ ತೊಳೆಯಲು ಹಿತ್ತಿಲಿಗೆ ಹೋದಾಗ ನಯನಾ ಹಿಂದೆಯೇ ಬಂದಳು.

"ಇದನ್ನೆಲ್ಲ ಯಾರಿಗೆ ಮಾಡ್ತಾವ್ರೆ ಅನ್ಕಂಡಿದೀರಾ?"

"ಮಗನಿಗೆ! ಇನ್ಯಾರಿಗೆ?"

"ಮಾವನಿಗೆ ಕಣ್ರೀ! ನಂಗೂ ಇವತ್ತೇ ಗೊತ್ತಾಗಿದ್ದು. ಹಬ್ಬ ಆದಾಗಿಂದ ಮಾವ ಮಾತಾಡ್ತಿಲ್ವಂತೆ. ಎಡೇಲಿ ಏಡಿ ಸಾರು ಇಡ್ಲಿಲ್ಲ, ಅದ್ಕೇ ಮುನಿಸ್ಕಂಡವ್ರೆ ಅಂತಾರೆ ಅತ್ತೆ. ಬದುಕಿದ್ದಾಗ್ಲೂ ಸಿಟ್ಟು ಬಂದ್ರೆ ಮಾತು ಬುಡೋರಲ್ವಾ ಮಾವ? ದಿನಾ ಆ ಪೆನ್‌ಡ್ರೈವ್ ಚುಚ್ಚಿ, ಮಾಡಿದ್ದನ್ನ ಮುಂದಿಟ್ಟು, ಕಾಫಿ ಆರೋಗೋ ತನಕ ಕಾಯ್ತಾರೆ. ಆಮೇಲೆ ಕಣ್ಣೊರೆಸ್ಕಂಡು ಎದ್ ಬರ್ತಾರೆ."

"ಅವ್ವ ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ?"

"ನಾನೂ ಅದೇ ಅಂದೆ. ಗಂಡ ಹೆಂಡ್ತಿ ಮುನಿಸಿಗೆ ಮಗನ್ನ ಯಾಕೆ ಎಳೀಲಿ ಅಂದ್ರು."

ನಗು ಬರಬೇಕಾಗಿತ್ತು, ಬರಲಿಲ್ಲ. ಸತ್ತ ಗಂಡನನ್ನು ಒಲಿಸಿಕೊಳ್ಳಲು ಅವ್ವ ಮಾಡಿದ ಅಡುಗೆಯನ್ನು ನಾನು ದಿನವೂ ಬೆರಳು ನೆಕ್ಕಿಕೊಂಡು ತಿಂದಿದ್ದೆ.

"ಮುನಿಸೂ ಅಲ್ಲ, ಏನೂ ಅಲ್ಲ ಕಣೇ. ಅದು ನಾನು ಟಿಕ್ ತೆಗೆದದ್ದು. ಅಪ್ಪಣೆ ಇಲ್ಲದೆ ಯಾವುದೂ ಒಳಗೆ ಬರಬಾರದು ಅಂತ..."

"ಮನೆ ಕಟ್ಸಿದ್ದು ಮಾವ. ಅವ್ರು ಒಳಗ್ ಬರೋಕೆ ನಿಮ್ ಅಪ್ಪಣೆ ಬೇಕೇನ್ರೀ?"

ಕಂಪ್ಯೂಟರಿಗೆ ಓಡಿದೆ. ಕಿತ್ತ ಟಿಕ್ ಎಲ್ಲಿತ್ತೆಂಬುದೇ ಮರೆತುಹೋಗಿತ್ತು! ಸುನಿಲ್‌ಕುಮಾರನಿಗೆ ಫೋನ್ ಮಾಡಿದೆ. ಅವನು ದಾರಿ ಹೇಳುತ್ತ, ನಡುನಡುವೆ "ಸುಮ್ನಿರು ಅಂದಿದ್ನಾ ಇಲ್ವಾ?" ಎಂದು ಉಗಿದ. ಉಗಿಸಿಕೊಳ್ಳುತ್ತಲೇ ಟಿಕ್ ಹಾಕಿ ಅವ್ವನನ್ನು ಕರೆದೆ.

"ಅವ್ವಾ, ಅಪ್ಪ ನಿನ್ ಮೇಲೆ ಮುನಿಸ್ಕಂಡಿರ್ಲಿಲ್ಲ. ನಾನೇ ನಿಲ್ಸಿಬುಟ್ಟಿದ್ದೆ. ತಪ್ಪು ನಂದು."

ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ಸಿಟ್ಟಿರ್ಲಿಲ್ವಾ?" ಎಂದಳು. ಮತ್ತೆ ಕೇಳಿದಳು, "ನನ್ ಮೇಲೆ ಸಿಟ್ಟಿರ್ಲಿಲ್ವಾ ಮಗ?"

"ಇಲ್ಲವ್ವ."

ಸೆರಗಿನ ಗಂಟಿನಿಂದ ಪೆನ್‌ಡ್ರೈವ್ ಬಿಚ್ಚಿ ತೆಗೆದು, ಒರೆಸಿ, ಚುಚ್ಚಿದಳು. ಕಿಟಕಿ ತೆರೆಯಿತು. ಅಪ್ಪನ ಮುಖ ಬಂತು. ಅದನ್ನು ಒತ್ತುವ ಮೊದಲು ಅವ್ವ ಪರದೆಯ ಹತ್ತಿರಕ್ಕೆ ಬಗ್ಗಿ, ನನಗೆ ಕೇಳಿಸದಿರಲಿ ಎಂಬಂತೆ ಮೆಲ್ಲಗೆ ಹೇಳಿದಳು:

"ಹುಡ್ಗ ಗೊತ್ತಿಲ್ದೆ ಬಾಗ್ಲು ಹಾಕ್ಬುಟ್ಟಿದ್ದ ಕಣ್ರೀ, ಬೈಬ್ಯಾಡಿ ಅವನ್ನ. ಇಷ್ಟು ದಿನ ಹೊರಗೇ ನಿಂತಿದ್ರಾ?"