ಒತ್ತಿದರೆ ಒಳಗೆ, ಬಿಟ್ಟರೆ ಹೊರಗೆ

ಮೂರನೇ ಸಲ ಒತ್ತಿದಾಗ ಲಟ್ಟಣಿಗೆ ಜಾರಿ, ಬೇಲಿ ದಾಟಿ, ಪಕ್ಕದ ಮನೆಯ ಟೊಮ್ಯಾಟೊ ಗಿಡಗಳ ನಡುವೆ ಹೋಗಿ ಬಿತ್ತು. ಉಪೇಂದ್ರ ಮಗಳ ಪ್ಲಾಸ್ಟಿಕ್ ಈಜುಕೊಳದಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತಿದ್ದ. ಕಣ್ಣಿಗೆ ಈಜುಗನ್ನಡಕ, ಪಾದಗಳ ನಡುವೆ ಮೀನು ಹೊಡೆಯುವ ಗಾಳಿಬಂದೂಕು. ಒಳಗೆ ಒತ್ತಿದ್ದ ಈಟಿ, ಈಗಷ್ಟೇ ಮಲಗಿಸಿದ ಕೂಸಿನ ಹಾಗೆ ಮತ್ತೆ ಎದ್ದು ನಿಂತಿತ್ತು.

ಪಕ್ಕದ ಮನೆಯ ಜಗನ್ನಾಥ ಅಂಕಲ್ ಲಟ್ಟಣಿಗೆ ಹಿಡಿದುಕೊಂಡೇ ಬಂದರು. "ಏನಪ್ಪಾ, ಈ ವಿಕ್ಸಮ್ ಊರಲ್ಲಿ ಚಪಾತಿ ಹಿಂಗೆ ಲಟ್ಟಿಸ್ತಾರಾ?"

ಉಪೇಂದ್ರ ವಿವರಿಸಿದ. ಕೊಳವೆಯೊಳಗೆ ಗಾಳಿ ಬಿಗಿಯಾಗಿ ತುಂಬಿದೆ. ಈಟಿಯನ್ನು ಅದರ ವಿರುದ್ಧ 'ಟಕ್' ಅನ್ನುವವರೆಗೂ ಒತ್ತಬೇಕು. ಅಂಗೈ ತೂತಾಗದಿರಲೆಂದು ಈಟಿಯ ತುದಿಗೆ ಸಿಕ್ಕಿಸುವ ಹಿಡಿಯೇ ಲೋಡರ್. ಅದು ಬೆಳಗ್ಗೆ ಮುರಿದಿತ್ತು. ಹೊಸದು ಬರುವುದು ಬುಧವಾರ. ಆದರೆ ಡೈವಿಂಗ್ ಕ್ಲಬ್ಬಿನ ಕಾರ್ಲ್ ಇವತ್ತೇ ಸಂಜೆ ಐದಕ್ಕೆ ಪಿಕಪ್ ತರುತ್ತಾನೆ. ಅವನೆದುರು ಬಂದೂಕು ತುಂಬಿ ತೋರಿಸಿದವರಿಗಷ್ಟೇ ಫ್ಲೋರಿಡಾದ ಮೀನುಬೇಟೆಗೆ ಸೀಟು. ಹೋದ ಬೇಸಿಗೆಯಲ್ಲೂ ಉಪೇಂದ್ರ ಮನೆಮುಂದಿನ ಡ್ರೈವ್‌ವೇಯಲ್ಲೇ ಉಳಿದಿದ್ದ.

"ನೀವು ಮೀನು ತಿನ್ನಲ್ವಲ್ಲ?"

"ತಿನ್ನಲ್ಲ ಅಂಕಲ್. ಹೊಡೆಯೋದು ಅಷ್ಟೇ."

"ಇಲ್ಲಿವರೆಗೆ ಎಷ್ಟು ಹೊಡೆದಿದೀರಿ?"

ಉಪೇಂದ್ರ ಕನ್ನಡಕ ಸರಿಮಾಡಿಕೊಂಡ. "ಲೆಕ್ಕ ಇಟ್ಟಿಲ್ಲ."

ಬೆಂಗಳೂರಿನ ಯಂತ್ರದ ಕಾರ್ಖಾನೆಯಲ್ಲಿ ನಿವೃತ್ತರಾಗಿ ಮಗನ ಮನೆಗೆ ಬಂದ ಮೇಲೆ ಅಂಕಲ್ ಕೈಗೆ ಕೆಟ್ಟುಹೋದ ಒಂದು ವಸ್ತುವೂ ಸಿಕ್ಕಿರಲಿಲ್ಲ. ಅವರು ತಡಮಾಡದೆ ಎದುರುಮನೆಯ ಶೇಷಾದ್ರಿಯನ್ನು ಕರೆದರು. ಅವನು ವಾರೆನ್‌ನ ಕಾರು ಕಂಪನಿಯಲ್ಲಿ ಸ್ಟೀರಿಂಗ್ ವಿನ್ಯಾಸ ಮಾಡುವವನು. ಸುತ್ತಿಗೆಯ ಹಿಡಿ, ಬಾಗಿಲ ಗುಬುಟು, ಐಸ್‌ಕ್ರೀಮ್ ಸೌಟು, ಎಲ್ಲವೂ ಜಾರಿದವು. ಕೊನೆಗೆ ಶೇಷಾದ್ರಿಯ ಕಣ್ಣು ಗರಾಜಿನ ಬಾಗಿಲು ದಾಟಿ ಅಡುಗೆಮನೆಯ ಕಟ್ಟೆಯ ಮೇಲೆ ನಿಂತಿತು. ಅಲ್ಲಿ ಹಿತ್ತಾಳೆಯ ಚಕ್ಕುಲಿ ಒರಳಿತ್ತು. ಅದನ್ನು ಒತ್ತುವ ಹಿಡಿಗೆ ಎರಡು ಕಿವಿ, ಬುಡದಲ್ಲಿ ಈಟಿಗೆಂದೇ ಕೊರೆದಂಥ ಗುಳಿ.

ಅದು ಹೆಂಡತಿ ಶಾರದಳ ಅಮ್ಮನದು, ಇವತ್ತು ಕೃಷ್ಣಾಷ್ಟಮಿ, ಅವಳು ಬೆಣ್ಣೆ ತರಲು ಹೋಗಿದ್ದಾಳಷ್ಟೆ ಎಂದು ಉಪೇಂದ್ರ ಗೋಗರೆದ. ಐದು ನಿಮಿಷ ಎಂದ ಶೇಷಾದ್ರಿ. ಅದು ಇಂಜಿನಿಯರುಗಳ ಐದು ನಿಮಿಷ. ಅಂಕಲ್ ಅಲ್ಲಾಡುತ್ತಿದ್ದ ಕಿವಿಗಳನ್ನು ಬಿಗಿಮಾಡಿ, ಪೈಪು ಹಾಕಿ ಉದ್ದಮಾಡಿ, ಹಳೆಯ ಸೈಕಲ್ಲಿನ ಗ್ರಿಪ್ ತೊಡಿಸಿದರು. ಶೇಷಾದ್ರಿ ಗುಳಿಗೆ ರಬ್ಬರು ಕೂರಿಸಿದ.

ಉಪೇಂದ್ರ ನೀರಿಗಿಳಿದು ಒತ್ತಿದ.

ಟಕ್.

ಆಮೇಲೆ ಅಂಕಲ್ ಪ್ಯಾಂಟು ಮಡಚಿದರು. ಶೇಷಾದ್ರಿಯೂ ಇಳಿದ. ಈಟಿ ಬಿಡಿಸುವುದು, ಮತ್ತೆ ಒತ್ತುವುದು, ಅದೇ ಕೆಲಸವಾಯಿತು. ಶಾರದಳ ಕಾರು ಬಂದು ನಿಂತಾಗ ಮೂವರು ಗಂಡಸರು ಮಗುವಿನ ಕೊಳದಲ್ಲಿ ಎಮ್ಮೆಗಳ ಹಾಗೆ ನಿಂತಿದ್ದರು.

ಶಾರದ ಒರಳಿನ ಹಿಡಿಗೆ ಕೈಚಾಚಿದಳು. ಉಪೇಂದ್ರನಿಗೆ ಒಂದೇ ಉಪಾಯ ಹೊಳೆಯಿತು.

"ಇದು ಮೀನಿನ ಬಂದೂಕಿಗೆ ಸೇರಿಬಿಟ್ಟಿದೆ ಕಣೆ. ದೇವರ ಚಕ್ಕುಲಿಗೆ ಹೇಗಾಗುತ್ತೆ? ಹೊಸದು ತರಿಸಿಕೊಡ್ತೀನಿ."

ಮೈಲಿಗೆ ಮೈಲಿಗೆಯೇ ಎಂದು ಶೇಷಾದ್ರಿಯೂ ಪುರೋಹಿತರಂತೆ ತಲೆಯಾಡಿಸಿದ. ಶಾರದ ಗ್ರಿಪ್ ಹಿಡಿದು ನೋಡಿದಳು. ಇನ್ನೊಮ್ಮೆ ಹಿಡಿದು ನೋಡಿದಳು.

"ಈ ಬಂದೂಕಲ್ಲಿ ಎಷ್ಟು ಮೀನು ಹೊಡೆದಿದೀರಿ?"

ಉಪೇಂದ್ರ ಬಾಯಿ ತೆರೆಯುವ ಮೊದಲೇ ಕಾರಿನಿಂದ ಇಳಿಯುತ್ತಿದ್ದ ಮಗಳು ಇಂಚರ ಉತ್ತರಿಸಿದಳು. "ಝೀರೋ. ನೆವರ್ ಈವನ್ ಒನ್."

"ಮತ್ತೆ ಮೈಲಿಗೆ ಎಲ್ಲಿಂದ ಬಂತು?" ಎನ್ನುತ್ತ ಶಾರದ ರಬ್ಬರು ಕಿತ್ತು ಅವನ ಕೈಗಿಟ್ಟು, ಹುಣಸೆಹಣ್ಣಿನಲ್ಲಿ ತಿಕ್ಕಲು ಒಳಗೆ ಹೋದಳು.

ಐದಕ್ಕೆ ಕಾರ್ಲ್ ಬಂದಾಗ ಒಳಗೆ ಎಣ್ಣೆ ಕಾದಿತ್ತು, ಅರ್ಧ ಹಿಟ್ಟು ಒರಳಿನಲ್ಲಿತ್ತು. ಉಪೇಂದ್ರ ಲಟ್ಟಣಿಗೆಯಲ್ಲೇ ಒತ್ತಿ ತೋರಿಸಿದ. ಅದಕ್ಕೀಗ ದಾರಿ ಗೊತ್ತಿತ್ತು; ನೇರ ಟೊಮ್ಯಾಟೊ ಗಿಡಗಳಿಗೆ ಹೋಯಿತು. ಕಾರ್ಲ್ ಅವನ ಬೆನ್ನು ತಟ್ಟಿ, ಖಾಲಿ ಸೀಟಿನ ಮೇಲೆ ತನ್ನ ಟೋಪಿ ಇಟ್ಟುಕೊಂಡು ಹೊರಟುಹೋದ.

ನೈವೇದ್ಯವಾದ ಮೇಲೆ ಶಾರದ ಗರಾಜಿಗೆ ಬಂದಳು. ತೊಳೆದು ಒರೆಸಿದ ಹಿಡಿ, ಅದರ ಮೇಲೊಂದು ಚಕ್ಕುಲಿ.

"ಇಷ್ಟು ಸಲೀಸಾಗಿ ನಮ್ಮಮ್ಮನೂ ಒತ್ತಿರಲಿಲ್ಲ ಕಣ್ರೀ. ತಗೊಳ್ಳಿ, ನಿಮ್ಮ ಲೋಡರ್. ಪ್ರಸಾದಾನೂ ಇದೆ."

"ಬೇಡ. ಕಾರ್ಲ್ ಹೋಗಾಯ್ತು," ಎಂದ ಉಪೇಂದ್ರ.