ನಾನಾ ಓಪೊಂಗರ ಒಂಟಿಕಾಲಿನ ಕುಣಿತ

"ಈ ಸಲದ ಅಕ್ವಾಸಿದೇ ಹಬ್ಬದಲ್ಲಿ ನಾನು ಕುಣಿಯೋದನ್ನ ನೋಡಿ ಮಹಾನಾಯಕರು ಕೂತಲ್ಲಿಂದ ಎದ್ದು ನಿಲ್ಲಬೇಕು. ಹಂಗೆ ಕುಣೀತೀನಿ!" ಎಂದು ನಾನಾ ಓಪೊಂಗ್ ಘೋಷಿಸಿದರು.

ಸುತ್ತಲಿನ ಊರುಗಳ ನಾಯಕರಿಗೆಲ್ಲ ದೊಡ್ಡವರಾದ ಮಹಾನಾಯಕರನ್ನೇ ಎಬ್ಬಿಸುವ ಘೋಷಣೆಯೇನೋ ಭರ್ಜರಿಯಾಗಿತ್ತು. ಆದರೆ ಆಗ ಅವರು ಮಂಚದ ಅಂಚಿನಲ್ಲಿ ಕೂತು, ಎಡ ಹಿಮ್ಮಡಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ಈಗ ಏಳುವುದೋ ಇನ್ನೊಂದು ಗಳಿಗೆ ಬಿಟ್ಟು ಏಳುವುದೋ ಎಂದು ಯೋಚಿಸುತ್ತಿದ್ದರು.

"ಮೊದಲು ನೀವು ಎದ್ದು ನಿಂತ್ಕೊಳ್ಳಿ ನಾನಾ, ಅವರ ವಿಷಯ ಆಮೇಲೆ ನೋಡೋಣ," ಎಂದಳು ಹೆಂಡತಿ ಕೊನಾಡು.

ಅಬೊಂಟೆಮ್ ಊರಿನ ನಾಯಕಪೀಠ ಏರಿ 'ನಾನಾ' ಎಂಬ ಗೌರವದ ಹೆಸರು ಪಡೆಯುವ ಮುಂಚೆ ಓಪೊಂಗ್ ಕುಮಾಸಿ ರಸ್ತೆಯಲ್ಲಿ ಜನ ಸಾಗಿಸುವ ಟ್ರೋಟ್ರೋ ವ್ಯಾನು ಓಡಿಸುತ್ತಿದ್ದರು. ಗುಂಡಿ ಬಿದ್ದ ಆ ರಸ್ತೆಯಲ್ಲಿ ಕ್ಲಚ್ಚು ತುಳಿದು ತುಳಿದು ಎಡಗಾಲು ಹಣ್ಣಾಗಿತ್ತು. ಹಿಮ್ಮಡಿಯಲ್ಲಿ ಹೊರಟ ನೋವು ಮೊಣಕಾಲು, ಸೊಂಟ, ಬೆನ್ನು, ಕತ್ತು ಎಂದು ಸಿಕ್ಕ ಸಿಕ್ಕ ಕಡೆಯಲ್ಲೆಲ್ಲ ನಿಲ್ಲಿಸಿಕೊಂಡು ಮೇಲೆ ಹೋಗುತ್ತಿತ್ತು. ಥೇಟ್ ಅವರದೇ ವ್ಯಾನಿನ ಹಾಗೆ!

ನೋವಿಗಿಂತ ದೊಡ್ಡ ತಲೆನೋವು ಇನ್ನೊಂದಿತ್ತು. ನಾಯಕನ ಬರಿಗಾಲು ನೆಲಕ್ಕೆ ತಾಗಕೂಡದು. ತಾಗಿದರೆ ಊರಿಗೆ ಕೇಡು, ಕುರಿ ಕಡಿದು ನೆಲದ ಕೋಪ ಇಳಿಸಬೇಕು. ಒಬ್ಬ ನಾಯಕನನ್ನು ಪೀಠದಿಂದ ಇಳಿಸುವಾಗ ಹಿರಿಯರು ಕಾಲಿನಿಂದ ಕೀಳುವುದು ಚಪ್ಪಲಿಯನ್ನೇ. ಚಿಕ್ಕಮ್ಮನ ಮಗ ಅಗ್ಯೆಕುಮ್‌ಗೆ ಆ ಪೀಠದ ಮೇಲೆ ಎಂದಿನಿಂದಲೋ ಕಣ್ಣು. ನಾನಾ ಕುಂಟಿದಾಗಲೆಲ್ಲ ಅವನು ಬಂದು, "ಅಣ್ಣಾ, ಪಾಪ, ನಿನಗ್ಯಾಕೆ ಈ ವಯಸ್ಸಲ್ಲಿ ಈ ಕಷ್ಟ?" ಎಂದು ಕೇಳುತ್ತಿದ್ದ. ಕೇಳುವಾಗ ಅವನು ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದ.

ಕೊನಾಡು ಗಂಡನನ್ನು ಕ್ಲಿನಿಕ್ಕಿಗೆ ಎಳೆದುಕೊಂಡು ಹೋದಳು. ಅಲ್ಲಿನ ನರ್ಸಮ್ಮ ಮೊಣಕಾಲು ಒತ್ತಿ, ಹಿಮ್ಮಡಿ ತಟ್ಟಿ, "ಸಂಜೆ ಬೆಚ್ಚನೆ ನೀರಲ್ಲಿ ಕಾಲಿಟ್ಕೊಳ್ಳಿ. ಬೆರಳ ಸಂದೀಲೂ ಒರೆಸಿ. ಮಲಗೋ ಮುಂಚೆ ಹಿಮ್ಮಡಿಗೆ ಒಂಚೂರು ಶಿಯಾ ಬೀಜದ ಬೆಣ್ಣೆ ಸವರಿ. ಬೆಳಿಗ್ಗೆ ಕಿಟಕಿ ಹಿಡ್ಕೊಂಡು ಹಿಮ್ಮಡಿ ಎತ್ತಿ ಇಳಿಸಿ, ಆಮೇಲೆ ಒಂದೊಂದೇ ಕಾಲಲ್ಲಿ ನಿಂತು ರೂಢಿ ಮಾಡ್ಕೊಳ್ಳಿ. ಅವಸರ ಬೇಡ," ಎಂದಳು.

"ಅಷ್ಟೇನಾ?" ಎಂದರು ನಾನಾ. ಇಂಜೆಕ್ಷನ್ನಿಲ್ಲ, ಮಾತ್ರೆಯಿಲ್ಲ. ಇದೂ ಒಂದು ವೈದ್ಯವೇ!

ಮರುದಿನ ಬೆಳಿಗ್ಗೆ ಬೀದಿ ಕಡೆಯ ಕಿಟಕಿ ಹಿಡಿದು ಅವರು ಹಿಮ್ಮಡಿ ಎತ್ತಿ ಇಳಿಸತೊಡಗಿದರು. ಹೊರಗಿನವರಿಗೆ ಕಂಡದ್ದು ತಲೆ ಮಾತ್ರ. ಅದು ಮೇಲೆದ್ದು ಕೆಳಗಿಳಿಯುತ್ತಿತ್ತು. ನಾಯಕರೇ ನಮಸ್ಕರಿಸುತ್ತಿದ್ದಾರೆ ಅಂದುಕೊಂಡು ಬಾಳೆಕಾಯಿ ಮಾರುವವಳು ಬುಟ್ಟಿ ಇಳಿಸಿ ಬಗ್ಗಿದಳು. ಅವಳ ಹಿಂದೆ ಬಂದವನು ಚಪ್ಪಲಿ ಕಳಚಿ ಬಗ್ಗಿದ. ನಾನಾ ತಲೆ ನಿಲ್ಲುವ ತನಕ ಅವರೂ ನಿಲ್ಲಿಸುವಂತಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅರ್ಧ ಬೀದಿ ಬಗ್ಗಿ ಏಳುತ್ತಿತ್ತು!

"ಜನಕ್ಕೂ ಒಳ್ಳೇ ವ್ಯಾಯಾಮ ಆಯ್ತು ಬಿಡಿ," ಎಂದು ಕೊನಾಡು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ನಾನಾ ಕಿಟಕಿಯ ಬಾಗಿಲು ಹಾಕಿಸಿದರು. ಇನ್ನು ಒಂಟಿಕಾಲಿನ ಸರದಿ. ಬಲಗಾಲ ಮೇಲೆ ನಿಲ್ಲುವುದು ಬೇಗ ಕೈಹತ್ತಿತು. ಕೊನೆಕೊನೆಗೆ ಕಿಟಕಿ ಬಿಟ್ಟೂ ನಿಲ್ಲುತ್ತಿದ್ದರು. ಎಡಗಾಲಿನ ಸರದಿ ಬಂದರೆ ಮಾತ್ರ ಊರಿನ ಯಾವುದಾದರೊಂದು ಪಂಚಾಯಿತಿ ನೆನಪಾಗುತ್ತಿತ್ತು.

"ನೋವಿರೋದು ಎಡಗಾಲಲ್ಲಿ. ನೀವು ಬಲಗಾಲಿಗೆ ಕಸರತ್ತು ಮಾಡಿಸ್ತಾ ಇದೀರಲ್ಲ?"

"ಅಲ್ಲ ಕಣೇ, ಕಾಯಿಲೆ ಬಿದ್ದವನ ಕೈಲಿ ಯಾರಾದ್ರೂ ದುಡಿಸ್ತಾರಾ? ಅದು ವಿಶ್ರಾಂತಿ ತಗೊಳ್ಳಲಿ. ಅದಕ್ಕೆ ಶಿಯಾ ಬೆಣ್ಣೆ ಸಾಕು."

"ಹಬ್ಬದ ದಿನ ಬೆಳಿಗ್ಗೆ ಮಾತ್ರ ಬೆಣ್ಣೆ ಮುಟ್ಟಬೇಡಿ. ಹೇಳಿದೀನಿ!"

ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಬೇಡ ಎಂದು ಕೊನಾಡು ಹೇಳಿದ ಮೇಲೆ ಅದನ್ನು ಮಾಡದೇ ಇರುವುದು ನಾನಾ ಅವರ ಜಾಯಮಾನದಲ್ಲೇ ಇರಲಿಲ್ಲ. ಹಬ್ಬದ ಬೆಳಿಗ್ಗೆ ಅವಳು ಊಟದ ಫುಫು ಮುದ್ದೆ ಕುಟ್ಟಿಸಲು ಹಿತ್ತಲಿಗೆ ಹೋದಾಗ ಅವರು ಡಬ್ಬಿಗೆ ಕೈ ಹಾಕಿದರು. ಒಂಚೂರಿನಿಂದ ಇಷ್ಟು ಗುಣವಾದರೆ ಡಬ್ಬಿಯಿಂದ ಎಷ್ಟಾಗಬೇಡ! ಹಿಮ್ಮಡಿಗೆ, ಅಂಗಾಲಿಗೆ, ಬೆರಳ ಸಂದಿಗೆ ಮೆತ್ತಿದರು. ಎಡಗಾಲಿಗಂತೂ ಅಭಿಷೇಕವೇ ಆಯಿತು. ನೋವು ಮಾಯ. ಕಾಲು ಇದೆಯೋ ಇಲ್ಲವೋ ಎನ್ನುವಷ್ಟು ಹಗುರ!

ಚಪ್ಪಲಿ ಹೊರುವ ಮಿರೆಕು ಎಂದಿನಂತೆ ಇನ್ನೊಂದು ಜೊತೆ ಚಪ್ಪಲಿ ಎತ್ತಿಕೊಂಡ.

"ಅದ್ಯಾಕೆ ಹೊರ್ತೀಯ? ಮನೇಲಿಡು," ಎಂದರು ನಾನಾ. "ಇವತ್ತು ನನ್ನ ಕಾಲು ನನ್ನ ಮಾತು ಕೇಳುತ್ತೆ."

ಮಹಾನಾಯಕರ ಬಯಲಿನಲ್ಲಿ ಬಿಸಿಲು ಬೆಂಕಿ ಕಾರುತ್ತಿತ್ತು. ಬಣ್ಣಬಣ್ಣದ ದೊಡ್ಡ ಛತ್ರಿಗಳು ಡೋಲಿನ ತಾಳಕ್ಕೆ ಏಳುತ್ತ ಬೀಳುತ್ತ ಇದ್ದವು. ಅಗ್ಯೆಕುಮ್ ಮುಂದಿನ ಸಾಲಿನಲ್ಲೇ ಕೂತಿದ್ದ, ಕಣ್ಣು ಎಂದಿನ ಜಾಗದಲ್ಲೇ.

ನಾನಾ ಅಂಗಳಕ್ಕಿಳಿದರು. ಫೊಂಟೊಮ್‌ಫ್ರೊಮ್ ಡೋಲುಗಳು ಗುಡುಗಿದವು. ಅವರು ಕೈ ಬೀಸಿದರು, ಭುಜ ಕುಲುಕಿಸಿದರು, ಮಡಿಸಿ ಹೊದ್ದ ಕೆಂಟೆ ವಸ್ತ್ರ ನವಿಲಿನ ಗರಿಯಂತೆ ಹರಡಿತು. ಹೆಂಗಸರು ಕೇಕೆ ಹಾಕಿದರು. ಇನ್ನೇನು ಮಹಾನಾಯಕರು ಎದ್ದು ನಿಲ್ಲುತ್ತಾರೆ! ಆ ಉಮೇದಿನಲ್ಲಿ ನಾನಾ ಎಡಗಾಲನ್ನು ಜೋರಾಗಿ ಮುಂದಕ್ಕೆ ಚಿಮ್ಮಿದರು.

ಕಾಲು ಹಿಂದಕ್ಕೆ ಬಂತು. ಚಪ್ಪಲಿ ಬರಲಿಲ್ಲ.

ಕರಗಿದ ಬೆಣ್ಣೆಯಿಂದ ಜಾರಿದ ಆ ಭಾರೀ ಚಪ್ಪಲಿ, ದೊಡ್ಡವರ ಮಾತನ್ನು ಜನಕ್ಕೆ ಸಾರುವ ವಕ್ತಾರನ ಚಿನ್ನದ ಕೋಲನ್ನು ದಾಟಿ, ಹಿರಿಯರ ತಲೆಗಳನ್ನು ದಾಟಿ, ಸೀದಾ ಮಹಾನಾಯಕರ ಛತ್ರಿಯ ಮೇಲೆ ಹೋಗಿ ಕೂತಿತು!

ನಾನಾ ಬೆವೆತುಹೋದರು. ಎಡಗಾಲು ಗಾಳಿಯಲ್ಲಿದೆ. ಇಳಿಸಿದರೆ ಊರಿಗೆ ಕೇಡು, ಪೀಠ ಚಿಕ್ಕಮ್ಮನ ಮಗನಿಗೆ. ಮಿರೆಕುವಿನ ಕೈ ಖಾಲಿ. ಆಗ ಜನರ ನಡುವಿನಿಂದ ಕೊನಾಡುವಿನ ದನಿ ಕೇಳಿತು:

"ನಾನಾ! ಕಿಟಕಿ!"

ನಾನಾ ಇಲ್ಲದ ಕಿಟಕಿಯನ್ನು ಎರಡೂ ಕೈಯಲ್ಲಿ ಹಿಡಿದರು. ಬಲಗಾಲ ಮೇಲೆ ನಿಂತರು. ಅಲುಗಲಿಲ್ಲ.

ಡೋಲಿನವರಿಗೆ ಇದು ಹೊಸ ವರಸೆ ಎನಿಸಿತು. ನಾಯಕರು ಕಾಲು ಇಳಿಸುವ ತನಕ ತಾಳ ಬಿಡುವ ಹಾಗಿಲ್ಲ, ಬಾರಿಸಿದರು. ಛತ್ರಿಯವನು ಆ ತಾಳಕ್ಕೆ ಛತ್ರಿ ಕುಣಿಸಿದ. ಛತ್ರಿ ಏರಿದಂತೆ ಚಪ್ಪಲಿಯೂ ಏರಿತು, ಇಳಿದಂತೆ ಇಳಿಯಿತು, ಕೆಳಕ್ಕೆ ಮಾತ್ರ ಬೀಳಲೊಲ್ಲದು! ನಾನಾ ಅವರ ಬಲ ಮೊಣಕಾಲು ನಡುಗಲು ಶುರುವಾಯಿತು. ಜನ ಅದಕ್ಕೂ ಚಪ್ಪಾಳೆ ತಟ್ಟಿದರು. ಕೊನೆಗೊಮ್ಮೆ ಛತ್ರಿ ಜೋರಾಗಿ ಕುಪ್ಪಳಿಸಿತು, ಚಪ್ಪಲಿ ಹಾರಿತು, ಬಂದು ಬಿದ್ದದ್ದು ಅಗ್ಯೆಕುಮ್‌ನ ಮಡಿಲಿಗೆ.

ಇಡೀ ಬಯಲು ಅವನತ್ತ ತಿರುಗಿತು. ನಾಯಕನ ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡು, ಮಹಾನಾಯಕರ ಎದುರಿಗೇ, ಎಷ್ಟು ಹೊತ್ತು ಕೂರಲಾದೀತು? ಅವನು ಎದ್ದು ಬಂದ. ಮಂಡಿಯೂರಿದ. ನಾನಾ ಅವರ ಎಡಗಾಲಿಗೆ ತನ್ನ ಕೈಯಾರೆ ಚಪ್ಪಲಿ ತೊಡಿಸಿದ.

"ಅಣ್ಣಾ, ಏನಿದು ಇಷ್ಟು ಜಿಡ್ಡು?" ಎಂದು ಪಿಸುಗುಟ್ಟಿದ.

"ಮುಚ್ಕೊಂಡು ಹಾಕೋ!" ಎಂದರು ನಾನಾ.

ಮಹಾನಾಯಕರು ನಿಜವಾಗಿಯೂ ಎದ್ದು ನಿಂತರು! ವಕ್ತಾರನ ಕಿವಿಯಲ್ಲಿ ಏನೋ ಹೇಳಿದರು. ನಾನಾ ಎದೆಯುಬ್ಬಿಸಿ ಕೊನಾಡುವಿನ ಕಡೆ ನೋಡಿದರು. ವಕ್ತಾರ ಕೋಲೆತ್ತಿ ಸಾರಿದ:

"ನಾನಾ ಓಪೊಂಗ್ ಅವರೇ, ಇಂಥ ಕುಣಿತ ನಾವು ಕಂಡಿರಲಿಲ್ಲ. ಬಲಗಾಲಿನದು ಬಹಳ ಚೆನ್ನಾಗಿತ್ತು. ಮುಂದಿನ ಹಬ್ಬದಲ್ಲಿ ಇದೇ ಕುಣಿತ ಎಡಗಾಲಿನ ಮೇಲೆ ಆಗಬೇಕು ಅಂತ ಮಹಾನಾಯಕರ ಅಪ್ಪಣೆ!"

ಉಬ್ಬಿದ ಎದೆ ನಿಂತಲ್ಲೇ ಇಳಿಯಿತು.

ಮರುದಿನ ಬೆಳಿಗ್ಗೆ ಕೊನಾಡು ಕಿಟಕಿಯ ಬಾಗಿಲು ಪೂರ್ತಿ ತೆರೆದಳು. ಹೊಸ ಕುಣಿತ ಕಲಿಯಲು ಬೀದಿಯ ಜನವೆಲ್ಲ ಆಗಲೇ ನೆರೆದಿತ್ತು. ನಾನಾ ಹಲ್ಲು ಕಚ್ಚಿಕೊಂಡು, ಕಂಬಿಗಳನ್ನು ಗಟ್ಟಿಯಾಗಿ ಹಿಡಿದು, ಎಡಗಾಲ ಮೇಲೆ ಭಾರ ಬಿಟ್ಟರು. ಹೊರಗೆ ಬಾಳೆಕಾಯಿ ಮಾರುವವಳು ತಲೆಯ ಮೇಲೆ ಬುಟ್ಟಿ ಹೊತ್ತುಕೊಂಡೇ ಒಂಟಿಕಾಲಲ್ಲಿ ನಿಂತಳು. ಅವಳ ಹಿಂದೆ ಅರ್ಧ ಬೀದಿ ನಿಂತಿತು. ನಾಯಕರು ಇಳಿಸುವ ತನಕ ಅವರು ಕಾಲು ಇಳಿಸುವಂತಿಲ್ಲ. ಅವರು ಇಳಿಸದೆ ನಾಯಕರು ಇಳಿಸಿದರೆ ಮರ್ಯಾದೆಯಿಲ್ಲ!

"ಇನ್ನೂ ಎಷ್ಟು ಹೊತ್ತೇ?" ಎಂದು ನಾನಾ ನರಳಿದರು.

ಕೊನಾಡು ಶಿಯಾ ಬೆಣ್ಣೆಯ ಡಬ್ಬಿಯನ್ನು ಮಡಿಲಲ್ಲಿ ಭದ್ರವಾಗಿಟ್ಟುಕೊಂಡು ಹೊರಗೆ ಕೈ ತೋರಿಸಿದಳು.

"ಅವರನ್ನ ಸ್ವಲ್ಪ ನೋಡಿ ನಾನಾ. ಒಬ್ಬರಾದ್ರೂ ಕಿಟಕಿ ಹಿಡ್ಕೊಂಡಿದಾರಾ?"