ಹಾಲಿನ ಸಾಲಲ್ಲಿ ನಮ್ಮಣ್ಣ

ನಮ್ಮಣ್ಣ ಇರೋವರೆಗೂ ನಮ್ಮನೇಲಿ ನಗೋಕೆ ಬೇರೆ ಏನೂ ಬೇಕಿಲ್ಲ. ಜೋಳದ ಹೊಲಕ್ಕೆ ಆನೆ ನುಗ್ಗಿದರೆ ತಗಡು ಬಡಿದುಕೊಂಡು ಎದುರಿಗೇ ಹೋಗೋ ಆಸಾಮಿ, ಸೊಸೈಟೀಲಿ ಹಾಲು ಅಳೆಯೋ ಹುಡುಗಿ ಕಣ್ಣೆತ್ತಿ ನೋಡಿದರೆ ಬೆವರುತ್ತಾನೆ. ಏನು ಹೇಳೋದು, ಹೇಳಿದರೆ ಏನಂದುಕೊಳ್ತಾಳೆ, ಅಂದುಕೊಂಡರೆ ಏನು ಗತಿ, ಇದೇ ಯೋಚನೆ. ನಾನು ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟವನು, ನನಗೆ ಯೋಚನೆ ಕಮ್ಮಿ. ಹಾಗಾಗಿ ಅವನ ಪ್ರೀತಿಯ ಕೆಲಸವೂ ನನ್ನ ತಲೆಗೇ ಬಂತು.

೧. ಹಸುವಿಗೆ ಡಾಕ್ಟರು

ಬೆಳಿಗ್ಗೆ ಸೊಸೈಟೀಲಿ ಸಾಲು ನಿಲ್ಲಬೇಕು. ನಮ್ಮಣ್ಣ ಎಲ್ಲರಿಗಿಂತ ಮೊದಲೇ ಹೋಗೋನು. ಅವನ ಸರದಿ ಹತ್ತಿರ ಬಂತು ಅನ್ನುವಾಗ ಹಿಂದಿನವರಿಗೆ ಜಾಗ ಬಿಟ್ಟು ಕೊನೆಗೆ ಹೋಗಿ ನಿಲ್ಲೋನು. ಒಂದು ದಿನ ಹೀಗೇ ದಾರಿ ಬಿಟ್ಟೂ ಬಿಟ್ಟೂ ಹಾಲಿನ ಗಾಡಿ ಹೊರಟೇ ಹೋಯ್ತು. ಕ್ಯಾನು ಹಾಗೇ ಮನೆಗೆ ವಾಪಸ್. ಮಾರನೇ ದಿನವೂ ಅದೇ ಕತೆ.

ಸೊಸೈಟೀಲಿ ಹಾಲು ತಗೊಳ್ತಿಲ್ಲ ಅಂದರೆ ಹಸುವಿಗೇ ಏನೋ ರೋಗ ಅಂತ ಅವ್ವ ಗಾಬರಿಯಾಗಿ ಡಾಕ್ಟರನ್ನ ಕರೆಸಿದಳು. ಅವರು ಕೆಚ್ಚಲು ಹಿಂಡಿ ನೋಡಿದರು, ಬಾಯಿ ಬಿಡಿಸಿ ನೋಡಿದರು. ಪಕ್ಕದಲ್ಲಿ ಕೆಂಪಗಾಗಿ ನಿಂತಿದ್ದ ನಮ್ಮಣ್ಣನನ್ನೂ ನೋಡಿದರು.

"ಹಸ ಚೆನ್ನಾಗದೆ ಕಣವ್ವ. ಮಗನ್ನ ಒಂದ್ಸಲ ಯಾರಿಗಾದ್ರೂ ತೋರ್ಸು."

೨. ಗೊತ್ತು

ಹಾಲು ಹಾಕುವವರೆಲ್ಲರ ಹತ್ತಿರ ಆ ಹುಡುಗಿಯ ಫೋನ್ ನಂಬರಿತ್ತು. ಬಾಯಲ್ಲಿ ಆಗದಿದ್ದರೆ ಮೆಸೇಜ್ ಹಾಕಣ್ಣ ಅಂದೆ. ಸಂಜೆ ಕೂತ. ಬರೆದ, ಅಳಿಸಿದ, ಬರೆದ, ಅಳಿಸಿದ. ಆ ಕಡೆ ಅವಳಿಗೆ ಇವನು ಬರೀತಾನೇ ಇರೋದು ಕಾಣ್ತಿತ್ತು. ಕೊನೆಗೆ ಅವಳೇ ಮೆಸೇಜ್ ಹಾಕಿದಳು: ನೀವು ಶುರು ಮಾಡಿದಾಗ ನಮ್ಮವ್ವ ಮುದ್ದೆಗೆ ಎಸರಿಟ್ಟಿದ್ದಳು, ಈಗ ಪಾತ್ರೆ ತೊಳೆದೂ ಆಯ್ತು.

ನಮ್ಮಣ್ಣ ಗಾಬರೀಲಿ "ನಾಳೆ ಹಾಲು ತರ್ತೀನಿ" ಅಂತ ಕಳಿಸಿದ. "ಗೊತ್ತು" ಅಂತ ಬಂತು.

ಆಮೇಲೆ ಶುರುವಾಯ್ತು. ಇದು ಕೋಪದ ಗೊತ್ತೋ, ಪ್ರೀತಿಯ ಗೊತ್ತೋ? ಕಳೆ ಕೀಳುವಾಗ, ಉಣ್ಣುವಾಗ, ರಾಗ ಬದಲಿಸಿ ಬದಲಿಸಿ ನನಗೆ ಅಂದು ತೋರಿಸಿದ.

"ಊರ್ಗೆಲ್ಲ ಗೊತ್ತು ಕಣಣ್ಣ," ಅಂದೆ, "ನಿಂಗೊಬ್ಬನ್ಗೇ ಗೊತ್ತಿಲ್ಲ."

೩. ಸಾಲು ಖಾಲಿ

ಶುಕ್ರವಾರ ಗೆಟ್ಟವಾಡಿಯಿಂದ ಗಂಡಿನ ಕಡೆಯವರು ಅವಳನ್ನ ನೋಡೋಕೆ ಬರ್ತಾರೆ ಅಂತ ಸುದ್ದಿ ಬಂತು. ನಮ್ಮಣ್ಣ ಊಟ ಬಿಟ್ಟ. ಗುರುವಾರ ಬೆಳಿಗ್ಗೆ ಸಾಲಲ್ಲಿ ನಿಂತು ಮತ್ತೆ ಹಿಂದಿನವರಿಗೆ ದಾರಿ ಬಿಡೋಕೆ ಶುರು ಮಾಡಿದ. ನನಗೆ ತಡೆಯೋಕಾಗಲಿಲ್ಲ. ಸಾಲಿನುದ್ದಕ್ಕೂ ಕಿವೀಲಿ ಹೇಳಿಕೊಂಡು ಬಂದೆ: "ಈರೋಡಿನ ಜಿಲ್ಲಾ ಆಫೀಸಿಂದ ಆಫೀಸರ್ ಬತ್ತಾವ್ರೆ. ಆಲಿಗೆ ನೀರು ಉಯ್ದವರನ್ನ ಇಡಿತಾರಂತೆ."

ಒಬ್ಬರಿಗೆ ಕರು ಬಿಚ್ಚಿಕೊಂಡಿತ್ತು, ಇನ್ನೊಬ್ಬರಿಗೆ ಒಲೆ ಮೇಲೆ ಸಾರಿತ್ತು. ನೋಡ್ತಾ ನೋಡ್ತಾ ಸಾಲೇ ಮಾಯ. ಎಲ್ಲರಿಗಿಂತ ಮೊದಲು ಓಡಿದ್ದು ಹುಡುಗಿಯ ಅಪ್ಪ.

ನಮ್ಮಣ್ಣ ಹಿಂದೆ ತಿರುಗಿದ. ದಾರಿ ಬಿಡೋಕೆ ಒಬ್ಬರೂ ಇಲ್ಲ. ಅಷ್ಟು ದಿನ ಯೋಚಿಸಿದ್ದೆಲ್ಲ ಎಲ್ಲಿ ಹೋಯ್ತೋ, "ನಮ್ ಅಸ ಗಬ್ಬ ಆಗದೆ" ಅಂದ.

ಅವಳು ನಗಲಿಲ್ಲ. "ಸಂತೋಸ. ಇನ್ನೇನು?"

"ಕರ ಉಟ್ದಾಗ... ಎಸ್ರಿಡೋಕೆ ನೀವ್ ಬರ್ಬೇಕು."

"ಎಸ್ರಿಟ್ಟು ವಾಪಸ್ ಬರ್ಲಾ, ಅಲ್ಲೇ ಇರ್ಲಾ?"

"ಇರಿ," ಅಂದುಬಿಟ್ಟ. ನಾನು ಕಂಡಂತೆ ಅವನು ಯೋಚಿಸದೆ ಆಡಿದ ಮೊದಲ ಮಾತು ಅದು.

ಅವಳು ಹಾಲು ಅಳೆದು ಖಾಲಿ ಕ್ಯಾನನ್ನ ತನ್ನ ಕಾಲ ಹತ್ತಿರ ಇಟ್ಟುಕೊಂಡಳು. "ಇದು ಇಲ್ಲೇ ಇರ್ಲಿ. ಇವತ್ತು ಸಂಜೇನೇ ನಿಮ್ಮವ್ವನ್ನ ನಮ್ಮನೆಗೆ ಕಳ್ಸಿ, ಕೊಟ್ಟು ಕಳಿಸ್ತೀನಿ. ನಮ್ಮಪ್ಪನ ಜೊತೆ ಮಾತೂ ಆಯ್ತದೆ."

ನಾನು ಕುಣೀತಾ ಮನೆ ಕಡೆ ಹೊರಟೆ. ನಮ್ಮಣ್ಣ ಅರ್ಧ ದಾರಿವರೆಗೂ ಹಿಂದೆ ತಿರುಗಿ ತಿರುಗಿ ನೋಡ್ತಾ ಬಂದ. ಆಮೇಲೆ ನಿಂತ.

"ಯಾಕ್ಲಾ ಕ್ಯಾನು ಮಡಗ್ಕೊಂಡ್ಲು? ನಾವು ಸರಿಯಾಗಿ ತೊಳ್ದಿರ್ಲಿಲ್ವೇನ್ಲಾ?"